ಕೆಂಪುಕಣ ಚಿಕ್ಕದಾದರೆ ಕಾರಣ ಕಬ್ಬಿಣವೊಂದೇನಾ?

ರಕ್ತ ಕಡಿಮೆ ಇದೆ ಅಂದ ಕೂಡಲೇ ಕಬ್ಬಿಣದ ಮಾತ್ರೆ ಶುರುವಾಗುತ್ತದೆ. ಬಹಳ ಸಲ ಅದು ಸರಿಯೇ. ಆದರೂ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಮಡಚಿಡಬೇಡಿ. ಕೆಳಗೆ ಎಂಸಿವಿ ಅಂತ ಒಂದು ಸಾಲಿರುತ್ತದೆ. ಅದು ಕೆಂಪುಕಣದ ಸರಾಸರಿ ಗಾತ್ರ. ದೊಡ್ಡವರಲ್ಲಿ 80ರಿಂದ 100 ಫೆಮ್ಟೋಲೀಟರ್ (ಕಣದ ಗಾತ್ರ ಹೇಳುವ ಅತಿ ಸಣ್ಣ ಅಳತೆ) ಇರುತ್ತದೆ. 80ಕ್ಕಿಂತ ಇಳಿದರೆ ಕಣಗಳು ಚಿಕ್ಕದಾಗಿವೆ ಎಂದರ್ಥ.

ಯಾಕೆ ಚಿಕ್ಕದಾಗುತ್ತವೆ? ಮೂಳೆ ಮಜ್ಜೆಯಲ್ಲಿ ಎಳೆಯ ಕಣ ಒಂದು ಎರಡಾಗುತ್ತಾ, ಒಳಗೆ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತಾ ಬೆಳೆಯುತ್ತದೆ. ಸಾಕಷ್ಟು ತುಂಬಿದ ಮೇಲೆ ಎರಡಾಗುವುದು ನಿಲ್ಲುತ್ತದೆ. ತುಂಬುವುದು ತಡವಾದರೆ ಮತ್ತೊಮ್ಮೆ ಎರಡಾಗುತ್ತದೆ, ಗಾತ್ರ ಇನ್ನಷ್ಟು ಕುಗ್ಗುತ್ತದೆ. ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣವೂ ಬೇಕು, ಗ್ಲೋಬಿನ್ ಎಂಬ ಪ್ರೋಟೀನೂ ಬೇಕು. ಕಬ್ಬಿಣ ಸಾಲದಿದ್ದರೆ ಕಬ್ಬಿಣದ ಕೊರತೆ. ಅಪ್ಪ ಅಮ್ಮನಿಂದ ಬಂದ ಜೀನಿನ ದೋಷದಿಂದ ಗ್ಲೋಬಿನ್ ಸಾಲದಿದ್ದರೆ ಥಲಸ್ಸೀಮಿಯಾ.

ಎರಡು ರಿಪೋರ್ಟು ಪಕ್ಕಪಕ್ಕ ಇಟ್ಟುಕೊಳ್ಳೋಣ. ಒಂದರಲ್ಲಿ ಎಂಸಿವಿ 68, ಕೆಂಪುಕಣಗಳ ಎಣಿಕೆ 4.0. ಇನ್ನೊಂದರಲ್ಲಿ ಎಂಸಿವಿ 64, ಎಣಿಕೆ 5.6. ಎಣಿಕೆ ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಎಷ್ಟು ಮಿಲಿಯನ್ ಕಣ ಅಂತ. ಎಂಸಿವಿಯನ್ನು ಎಣಿಕೆಯಿಂದ ಭಾಗಿಸಿ. ಮೊದಲನೆಯದು 17, ಎರಡನೆಯದು ಸುಮಾರು 11. 13ಕ್ಕಿಂತ ಜಾಸ್ತಿ ಬಂದರೆ ಕಬ್ಬಿಣದ ಕೊರತೆಯ ಕಡೆಗೆ, ಕಡಿಮೆ ಬಂದರೆ ಥಲಸ್ಸೀಮಿಯಾ ವಾಹಕರ, ಅಂದರೆ ದೋಷದ ಜೀನ್ ಇದ್ದರೂ ತೀವ್ರ ಕಾಯಿಲೆ ಇಲ್ಲದವರ, ಕಡೆಗೆ ಅನುಮಾನ. 1973ರಲ್ಲಿ ಮೆಂಟ್ಜರ್ ಎಂಬ ವೈದ್ಯರು ತೋರಿಸಿಕೊಟ್ಟ ಲೆಕ್ಕ ಇದು. ಇದು ಸುಳಿವು ಅಷ್ಟೇ. ಖಾತ್ರಿಯಾಗಲು ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ಒಂದು ಬಗೆಯ ಹಿಮೋಗ್ಲೋಬಿನ್ ಅಳೆಯುವ ಎಚ್‌ಬಿ ಎ2 ಪರೀಕ್ಷೆಗಳು ಬೇಕು. ಎರಡೂ ತೊಂದರೆ ಒಬ್ಬರಲ್ಲೇ ಇರುವುದೂ ಉಂಟು.

ಕಬ್ಬಿಣದ ಕೊರತೆ ಅಂತ ಗೊತ್ತಾದರೂ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ. ಕಬ್ಬಿಣ ಎಲ್ಲಿ ಸೋರಿಹೋಗುತ್ತಿದೆ? ಜಾಸ್ತಿ ಮುಟ್ಟಿನ ಸ್ರಾವ, ಕೊಕ್ಕೆಹುಳು, ಮೂಲವ್ಯಾಧಿ ಇರಬಹುದು. ವಯಸ್ಸಾದವರಲ್ಲಿ ಹೊಟ್ಟೆ, ಕರುಳಿನ ಒಳಗೆ ಗುಟ್ಟಾಗಿ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು. ಸುಮ್ನೆ ಮಾತ್ರೆ ನುಂಗಿಸಿದರೆ ಕರುಳಿನ ಕ್ಯಾನ್ಸರ್ ಕೂಡ ಕಣ್ಣಿಗೆ ಬೀಳದೆ ಉಳಿದುಬಿಡಬಹುದು.

ಥಲಸ್ಸೀಮಿಯಾ ವಾಹಕರ ಕಥೆ ಬೇರೆ. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಕೊರತೆ ಇಲ್ಲದಿದ್ದರೆ ಕಬ್ಬಿಣದ ಮಾತ್ರೆಯಿಂದ ಅವರಿಗೆ ಉಪಯೋಗವಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಬೀಟಾ ಥಲಸ್ಸೀಮಿಯಾ (ಬೀಟಾ ಎಂಬ ಗ್ಲೋಬಿನ್ ಸಾಲದ ಬಗೆ) ವಾಹಕರಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ರೂಪದ ಥಲಸ್ಸೀಮಿಯಾ ಬರುವ ಸಾಧ್ಯತೆ 25%. ಅಂಥ ಎಷ್ಟೋ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕಾಗುತ್ತದೆ. ಹಾಗಾಗಿ ಬಸುರಿ ವಾಹಕಿ ಅಂತ ಗೊತ್ತಾದರೆ ಆ ವಾರವೇ ಗಂಡನ ರಕ್ತವನ್ನೂ ಪರೀಕ್ಷೆಗೆ ಕೊಡಿಸಿ.