ಪದ ಪರಿಚಯ: ರೊಮ್ಯಾಂಟಸಿ

ರೊಮ್ಯಾನ್ಸ್‌ನ ತಲೆಗೆ ಫ್ಯಾಂಟಸಿಯ ಬಾಲ ಸೇರಿಸಿದ ಕಸಿಪದ ಇದು. 2023ರಲ್ಲಿ ಓದುಗರ ಜಾಲತಾಣ ಗುಡ್‌ರೀಡ್ಸ್ ತನ್ನ ವಾರ್ಷಿಕ ಓದುಗರ ಪ್ರಶಸ್ತಿಯಲ್ಲಿ ಇದಕ್ಕೆಂದೇ ಬೇರೆ ವಿಭಾಗ ತೆರೆಯಿತು. ‘ಪ್ರೇಮವೂ ಮಾಯಾವಿದ್ಯೆಯೂ ಇರುವ ಕಾದಂಬರಿ’ ಎಂಬ ಅರ್ಥ ತಪ್ಪಲ್ಲ, ಆದರೆ ಸಾಲದು. ಯುದ್ಧ, ಸಿಂಹಾಸನ, ಮಂತ್ರದಂಡಗಳ ನಡುವೆ ಇಬ್ಬರು ಪ್ರೀತಿಸಿದ ಮಾತ್ರಕ್ಕೆ ಕಾದಂಬರಿ ರೊಮ್ಯಾಂಟಸಿ ಆಗುವುದಿಲ್ಲ.

ಗುರುತಿಸಲು ಸುಲಭದ ದಾರಿಯೊಂದಿದೆ. ಕಥೆಯನ್ನು ಎರಡು ಸಲ, ಮೂರು ಮೂರು ವಾಕ್ಯದಲ್ಲಿ ಹೇಳಿ ನೋಡಿ: ಒಮ್ಮೆ ಪ್ರೇಮವನ್ನು ಬಿಟ್ಟು, ಇನ್ನೊಮ್ಮೆ ಮಾಯೆಯನ್ನು ಬಿಟ್ಟು. ಪ್ರೇಮ ಬಿಟ್ಟರೂ ಕಥೆ ನಡೆಯುತ್ತದೆ ಎಂದಾದರೆ ಅದು ಪ್ರೇಮದ ಎಳೆಯಿರುವ ಫ್ಯಾಂಟಸಿ. ಮಾಯೆ ಬಿಟ್ಟರೂ ನಡೆಯುತ್ತದೆ ಎಂದಾದರೆ ವೇಷ ಹಾಕಿಕೊಂಡ ಪ್ರೇಮಕಥೆ. ಯಾವುದನ್ನು ಕಿತ್ತರೂ ಕಥೆಯೇ ಕುಸಿದರೆ ರೊಮ್ಯಾಂಟಸಿ. ಮುಖಪುಟದ ಮೇಲಿನ ಹಣೆಪಟ್ಟಿಯನ್ನು ನಂಬಬೇಡಿ. ಅದನ್ನು ಅಂಟಿಸುವವರು ಮಾರಾಟ ವಿಭಾಗದವರು.

ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಶೃಂಗಾರ ಅಂಗಿರಸ, ಅಂದರೆ ಮುಖ್ಯ ರಸ; ಅದ್ಭುತ ಅದಕ್ಕೆ ಅಂಗ, ಅಂದರೆ ಪೋಷಕ ರಸ. ಆದರೆ ಬರೀ ಅಲಂಕಾರಕ್ಕೆ ನಿಂತ ಅಂಗವಲ್ಲ. ‘ಕಾವ್ಯಪ್ರಕಾಶ’ ಬರೆದ ಮಮ್ಮಟ ವಿಪ್ರಲಂಭ ಶೃಂಗಾರಕ್ಕೆ, ಅಂದರೆ ಅಗಲಿಕೆಯ ಶೃಂಗಾರಕ್ಕೆ, ಐದು ಕಾರಣ ಹೇಳುತ್ತಾನೆ: ಅಭಿಲಾಷೆ, ವಿರಹ, ಈರ್ಷ್ಯೆ, ಪ್ರವಾಸ, ಶಾಪ. ಕೊನೆಯದನ್ನು ಗಮನಿಸಿ. ಅಲ್ಲಿ ಪ್ರೇಮಿಗಳನ್ನು ದೂರವಿಡುವುದು ಜಗಳವೋ ದಾರಿಯೋ ಅಲ್ಲ, ಮಾನುಷ ನಿಯಮಕ್ಕೆ ಸಿಗದ ಒಂದು ಕಟ್ಟು. ರೊಮ್ಯಾಂಟಸಿಯ ಯಂತ್ರ ಬಹುಪಾಲು ಇದೇ ಶಾಪಹೇತುಕ ವಿಪ್ರಲಂಭ. ಹೊಸತೇನೆಂದರೆ ಶಾಪವನ್ನು ಹೊರಗಿನ ಋಷಿ ಕೊಡಬೇಕಿಲ್ಲ. ನಾಯಕಿಯ ಶಕ್ತಿಯೇ, ಅವಳು ಒಪ್ಪಿಕೊಂಡ ಹೊಣೆಯೇ ಶಾಪದ ಕೆಲಸ ಮಾಡುತ್ತದೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಒಂದು ನಾಡಿನಲ್ಲಿ ಮಳೆ ತರಿಸುವ ಕೆಲಸಕ್ಕೆ ನಿಂತವಳು ತನ್ನ ಹುಟ್ಟುಹೆಸರನ್ನು ಒತ್ತೆ ಇಡಬೇಕು. ಯಾರಾದರೂ ಆ ಹೆಸರು ಹಿಡಿದು ಕರೆದರೆ ಆ ವರ್ಷ ಮಳೆಯಿಲ್ಲ. ಎಲ್ಲರಿಗೂ ಅವಳು ‘ಮಳೆಯಮ್ಮ’. ಅವಳನ್ನು ಪ್ರೀತಿಸಿದವನಿಗೆ ಬೇಕಾದದ್ದು ಅವಳ ಹೆಸರು. ಇಲ್ಲಿ ಮಾಯೆ, ಕರ್ತವ್ಯ, ಗುರುತು, ಒಲವು ನಾಲ್ಕಕ್ಕೂ ಇರುವುದು ಒಂದೇ ಗಂಟು, ಆ ಹೆಸರು. ಈ ಪ್ರಕಾರದ ಒಳ್ಳೆಯ ಕಾದಂಬರಿಗಳಲ್ಲಿ ಇಂಥ ಒಂದು ಗಂಟು ಸಿಕ್ಕೇ ಸಿಗುತ್ತದೆ. ಮಾಯೆಗೊಂದು ನಿಯಮ, ಕರ್ತವ್ಯಕ್ಕೊಂದು ಶಪಥ, ಗುರುತಿಗೊಂದು ರಹಸ್ಯ ಎಂದು ಬೇರೆ ಬೇರೆ ಕಟ್ಟಿದ ಕಾದಂಬರಿ ನಡುಭಾಗಕ್ಕೆ ಬರುವಾಗ ಮೂರು ಕಥೆಗಳಾಗಿ ಸೀಳುತ್ತದೆ.

ಮಾಯೆಗೆ ಬೆಲೆ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಎಂಥ ಬೆಲೆ ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ಮಂತ್ರ ಹಾಕಿದರೆ ಸುಸ್ತಾಗುತ್ತದೆ, ಮೂಗಿನಿಂದ ರಕ್ತ ಬರುತ್ತದೆ: ಇದು ದೇಹ ತೆರುವ ಬೆಲೆ, ಒಂದು ರಾತ್ರಿ ನಿದ್ದೆ ಮಾಡಿದರೆ ತೀರುತ್ತದೆ. ರೊಮ್ಯಾಂಟಸಿಯಲ್ಲಿ ಬೆಲೆಯನ್ನು ಸಂಬಂಧದ ಖಾತೆಯಿಂದಲೇ ಕಳೆಯಬೇಕು. ಮಳೆಯಮ್ಮ ಒಂದೊಂದು ಮಳೆ ತರಿಸಿದಾಗಲೂ ಅವಳ ಹುಟ್ಟುಹೆಸರು ಗೊತ್ತಿದ್ದ ಒಬ್ಬರು ಅದನ್ನು ಮರೆಯುತ್ತಾರೆ ಎಂದುಕೊಳ್ಳಿ. ಮೊದಲು ನೆರೆಯವರು, ಆಮೇಲೆ ತಮ್ಮ, ಕೊನೆಗೆ ತಾಯಿ. ಈಗ ಪ್ರತಿ ಮಳೆಯೂ ಪ್ರೇಮಕಥೆಯ ಒಂದು ಘಟನೆ.

ಅಮೆರಿಕದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಬರೆದ ನಿಯಮವೊಂದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಓದುಗನಿಗೆ ಮಾಯೆ ಎಷ್ಟು ಅರ್ಥವಾಗಿದೆಯೋ, ಅದರಿಂದ ಸಮಸ್ಯೆ ಬಿಡಿಸಲು ಲೇಖಕನಿಗೆ ಅಷ್ಟೇ ಅಧಿಕಾರ. ರೊಮ್ಯಾಂಟಸಿಯಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಏಕೆಂದರೆ ಪ್ರೇಮಕಥೆಯಾಗಿ ಇದು ಓದುಗರಿಗೆ ಮೊದಲೇ ಒಂದು ಮಾತು ಕೊಟ್ಟಿರುತ್ತದೆ, ಇಬ್ಬರೂ ಕೊನೆಗೆ ಕೂಡುತ್ತಾರೆ ಎಂದು. ಸರಣಿಯಾದರೆ ಮೊದಲ ಸಂಪುಟಗಳು ಅಗಲಿಕೆಯಲ್ಲಿ ಮುಗಿಯಬಹುದು, ಕೊನೆಯದು ಹಾಗೆ ಮುಗಿಯುವಂತಿಲ್ಲ. ಕೂಡುತ್ತಾರೆಂದು ಗೊತ್ತಿರುವ ಓದುಗರಿಗೆ ಉಳಿಯುವ ಕುತೂಹಲ ‘ಹೇಗೆ’ ಎಂಬುದಷ್ಟೇ. ಕೊನೆಯ ಅಧ್ಯಾಯದಲ್ಲಿ ಹಳೆಯ ಓಲೆಗರಿಯೊಂದು ಸಿಕ್ಕಿ, ಹೆಸರೂ ಉಳಿದು ಮಳೆಯೂ ಬರುವ ಎರಡನೇ ಮಂತ್ರ ಅದರಲ್ಲಿತ್ತು ಎಂದರೆ ಆ ‘ಹೇಗೆ’ ಸತ್ತಂತೆ. ಆ ಮಂತ್ರ ಮೊದಲ ಮೂರನೇ ಒಂದು ಭಾಗದೊಳಗೇ ಕಾಣಿಸಿಕೊಂಡಿರಬೇಕು, ಅಲ್ಲಿ ಯಾರೋ ಅದನ್ನು ಪ್ರಯೋಗಿಸಿ ಕೆಟ್ಟಿರಬೇಕು.

ಕರ್ತವ್ಯದ ವಿಚಾರದಲ್ಲಿ ಆಗುವ ತಪ್ಪು ಬೇರೆ ಬಗೆಯದು. ‘ನಾಡಿಗಾಗಿ’ ಎಂದು ನಾಯಕಿ ಹತ್ತು ಸಲ ಹೇಳುತ್ತಾಳೆ, ನಾಡು ಒಮ್ಮೆಯೂ ಕಾಣುವುದಿಲ್ಲ. ಒಣಗಿದ ಕೆರೆ, ಬೀಜ ಎತ್ತಿಟ್ಟು ಕಾಯುವ ಒಬ್ಬ ಹೆಸರುಳ್ಳ ರೈತ, ಮಳೆ ತಪ್ಪಿದ ವರ್ಷ ಅವನ ಮನೆಯಲ್ಲಿ ಆದದ್ದು, ಇಷ್ಟು ಇಲ್ಲದಿದ್ದರೆ ಓದುಗರು ಪ್ರೇಮಿಯ ಪಕ್ಷವೇ ಹಿಡಿಯುತ್ತಾರೆ, ನಾಯಕಿಯ ಹಿಂಜರಿಕೆ ಬರೀ ಮೊಂಡುತನವಾಗಿ ಕಾಣುತ್ತದೆ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಮನುಷ್ಯರೇ ಇರಬೇಕು.

ಈ ಪ್ರಕಾರದಲ್ಲಿ ಅತಿಯಾಗಿ ಸವೆದ ಸಾಧನವೆಂದರೆ ವಿಧಿಬಂಧ: ಇಬ್ಬರೂ ಒಬ್ಬರಿಗೊಬ್ಬರು ಎಂದು ಮಾಯೆಯೇ ಹಣೆಯಲ್ಲಿ ಬರೆದಿರುವುದು. ಸೆಳೆತವನ್ನು ಬೇಗ ಹುಟ್ಟಿಸುತ್ತದೆ ನಿಜ, ಆದರೆ ಆಯ್ಕೆಯನ್ನು ಕೊಲ್ಲುತ್ತದೆ. ಆಯ್ಕೆ ಇಲ್ಲದ ಕಡೆ ಗುರುತಿನ ಪ್ರಶ್ನೆಯೂ ಇರುವುದಿಲ್ಲ. ಬಳಸಲೇಬೇಕಿದ್ದರೆ ನಡುವೆ ಎಲ್ಲಾದರೂ ಬಂಧವನ್ನು ಕಡಿದು, ಅದಿಲ್ಲದ ಮೇಲೂ ಇಬ್ಬರು ಏನು ಮಾಡುತ್ತಾರೆ ಎಂದು ತೋರಿಸಬೇಕು.

ಗುಟ್ಟು ಬಯಲಾಗುವ ಜಾಗವನ್ನೂ ನೋಡಿಕೊಳ್ಳಬೇಕು. ಮರೆಸಿಟ್ಟ ಗುರುತು ಕೊನೆಯಲ್ಲಿ ಹೊರಬಿದ್ದರೆ ಒಂದು ಅಚ್ಚರಿ ಸಿಗುತ್ತದೆ, ಅಷ್ಟೇ. ನಡುಭಾಗದಲ್ಲೇ ಹೊರಬಿದ್ದರೆ ಗೊತ್ತಾದ ಮೇಲಿನ ಬದುಕನ್ನು ಬರೆಯಲು ಅರ್ಧ ಪುಸ್ತಕ ಉಳಿಯುತ್ತದೆ. ಮಳೆಯಮ್ಮನ ಹೆಸರು ಅವನಿಗೆ ನಡುವಿನಲ್ಲೇ ತಿಳಿಯಲಿ. ಅಲ್ಲಿಂದ ಮುಂದೆ ಅವಳನ್ನು ಕೂಗಿ ಕರೆಯಬೇಕಾದ ಪ್ರತಿ ಸಂದರ್ಭದಲ್ಲೂ ಅವನು ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತದೆ, ಅವಳು ಅವನಿಗೆ ಬೆನ್ನು ಹಾಕಿ ಹೊಳೆಯ ಸುಳಿಯತ್ತ ನಡೆಯುತ್ತಿರುವಾಗಲೂ.