ಮೊದಲು ಭಾರ, ಆಮೇಲೆ ಗೆರೆ

ಮಾಡೆಲ್ ಎದುರಿಗೆ ಕೂತು ಚಿತ್ರ ಬರೆಯಲು, ಅಂದರೆ ಲೈಫ್ ಡ್ರಾಯಿಂಗ್‌ಗೆ, ಹೊಸದಾಗಿ ಬರುವವರು ಕೇಳುವ ಪ್ರಶ್ನೆ ಒಂದೇ: ಫೋಟೊ ನೋಡಿ ಬರೆದರೆ ಆಗಲ್ವಾ? ಆಗುತ್ತದೆ. ಆದರೆ ಅಲ್ಲಿ ಕಲಿಯುವುದು ಬೇರೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ನಮಗೆ ಎರಡು. ಮುಂದೆ ಚಾಚಿದ ಕೈ ಎಷ್ಟು ಮುಂದಿದೆ ಎಂದು ಎರಡು ಕಣ್ಣಿಗೆ ತಿಳಿದಷ್ಟು ಒಂದಕ್ಕೆ ತಿಳಿಯುವುದಿಲ್ಲ. ನೆರಳಿನೊಳಗೆ ಇರುವ ಮಂದ ಬೆಳಕು ಫೋಟೊದಲ್ಲಿ ಬಹಳ ಸಲ ಕಪ್ಪಾಗಿ ಮುಚ್ಚಿಹೋಗಿರುತ್ತದೆ. ಎಲ್ಲಕ್ಕಿಂತ ಜಾಸ್ತಿ, ಫೋಟೊದಲ್ಲಿರುವ ಮನುಷ್ಯನಿಗೆ ಸುಸ್ತಾಗುವುದಿಲ್ಲ. ಎದುರಿಗೆ ನಿಂತವರು ಉಸಿರಾಡುತ್ತಾರೆ, ಅವರ ಕಾಲು ನೆಲವನ್ನು ಒತ್ತುತ್ತಿರುತ್ತದೆ, ನಿಂತಲ್ಲೇ ಒಂಚೂರು ಒಂಚೂರೇ ಕುಸಿಯುತ್ತಾರೆ.

ವಾರ ವಾರ ಈ ಅಭ್ಯಾಸ ಮಾಡುತ್ತಾ, ಈಗ ಬೇರೆಯವರಿಗೂ ಹೇಳಿಕೊಡುತ್ತಿರುವ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಭಾರ ಎಲ್ಲಿ ಬೀಳುತ್ತಿದೆ ಅಂತ ಮೊದಲು ನೋಡಿ. ಗೆರೆ ಆಮೇಲೆ.

ಸಾಮಾನ್ಯವಾಗಿ ಒಂದು ಸೆಷನ್ ಎರಡು ಮೂರು ತಾಸು ನಡೆಯುತ್ತದೆ. ಶುರುವಿಗೆ 30 ಸೆಕೆಂಡು, 1 ನಿಮಿಷ, 2 ನಿಮಿಷದ ಪೋಸ್‌ಗಳು. ಆಮೇಲೆ 5, 10. ಕೊನೆಗೆ 20 ನಿಮಿಷದ್ದು. ಹೊಸಬರು ಚಿಕ್ಕ ಪೋಸ್‌ಗಳನ್ನು ಸುಮ್ನೆ ಕೈ ಬಿಸಿ ಮಾಡಿಕೊಳ್ಳಲು ಇಟ್ಟಿದ್ದಾರೆ ಅಂದುಕೊಂಡು, ಉದ್ದದ ಪೋಸ್‌ಗೆ ಕಾಯುತ್ತಾರೆ. ನನ್ನ ಪ್ರಕಾರ ಅಭ್ಯಾಸದ ತಿರುಳು ಇರುವುದೇ ಆ ಚಿಕ್ಕವುಗಳಲ್ಲಿ. 30 ಸೆಕೆಂಡಿನಲ್ಲಿ ಕಣ್ಣು, ಮೂಗು, ಬೆರಳು ಬರೆಯಲು ಸಮಯವೇ ಇಲ್ಲ. ಯಾವ ಕಾಲು ಮೈಯನ್ನು ಹೊತ್ತಿದೆ, ಬೆನ್ನು ಯಾವ ಕಡೆ ಬಾಗಿದೆ, ಇಷ್ಟನ್ನು ಹಿಡಿಯುವಷ್ಟರಲ್ಲಿ ಪೋಸ್ ಬದಲಾಗಿರುತ್ತದೆ. ಬೇಡದ್ದನ್ನು ಬಿಡುವುದು ಹಾಗೆ ಕಲಿತರೆ ಮಾತ್ರ ಬರುವಂಥದ್ದು.

ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ ಪೋಸನ್ನೇ ತೆಗೆದುಕೊಳ್ಳಿ. ನೋಡಲು ತೀರಾ ಸಾಮಾನ್ಯ. ಬಲಗಾಲು ಭಾರ ಹೊತ್ತಿದೆ ಅನ್ನೋಣ. ಆಗ ಸೊಂಟದ ಬಲಬದಿ ಮೇಲೇರುತ್ತದೆ, ಎಡಬದಿ ಇಳಿಯುತ್ತದೆ. ಅದನ್ನು ಸರಿದೂಗಿಸಲು ಬಲಭುಜ ಕೆಳಗೆ ಬರುತ್ತದೆ. ಪಕ್ಕೆಲುಬಿಗೂ ಸೊಂಟಕ್ಕೂ ನಡುವಿನ ಜಾಗ ಬಲಕ್ಕೆ ಕಿರಿದಾಗಿ ಚರ್ಮ ಮಡಿಕೆ ಬೀಳುತ್ತದೆ, ಎಡಕ್ಕೆ ಉದ್ದಕ್ಕೆ ಹಿಗ್ಗುತ್ತದೆ. ಎಡಮಂಡಿ ಸಡಿಲವಾಗಿ ಮುಂದೆ ಬಾಗಿ, ಬಲಮಂಡಿಗಿಂತ ಸ್ವಲ್ಪ ಕೆಳಗಿರುತ್ತದೆ. ಹಳೆಯ ಗ್ರೀಕ್ ಪ್ರತಿಮೆಗಳನ್ನು ಕಡೆದವರಿಗೂ, ತ್ರಿಭಂಗಿಯ ವಿಗ್ರಹ ಕಡೆದವರಿಗೂ ಇದು ಚೆನ್ನಾಗಿ ಗೊತ್ತಿತ್ತು.

ಈಗ, ಗೋಡೆ ಕಟ್ಟುವವರು ತೂಗುಗುಂಡು ಬಿಟ್ಟು ನೋಡುವ ಹಾಗೆ, ಕೊರಳಿನ ಗುಳಿಯಿಂದ ನೇರ ಕೆಳಕ್ಕೆ ಪೆನ್ಸಿಲ್ ಹಿಡಿದು ನೋಡಿ. ಅದು ಹೆಚ್ಚುಕಮ್ಮಿ ಭಾರ ಹೊತ್ತ ಪಾದದ ಕೀಲಿನ ಮೇಲೆ ಬಂದು ನಿಲ್ಲುತ್ತದೆ. ನಿಮ್ಮ ಚಿತ್ರದಲ್ಲಿ ಅದೇ ಗೆರೆ ಎರಡು ಕಾಲಿನ ನಡುವೆ ಎಲ್ಲೋ ಬಿದ್ದರೆ, ಮುಖ ಎಷ್ಟೇ ಚೆನ್ನಾಗಿ ಬಂದಿರಲಿ, ಮನುಷ್ಯ ಬೀಳುತ್ತಿರುವ ಹಾಗೆ ಕಾಣುತ್ತಾನೆ. ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ಸಾಮಗ್ರಿ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಅಗ್ಗದ ನ್ಯೂಸ್‌ಪ್ರಿಂಟ್ ಹಾಳೆ, ಮೆತ್ತನೆಯ ಇದ್ದಿಲು ಕಡ್ಡಿ ಸಾಕು. ಇದ್ದಿಲನ್ನು ಅಂಗೈಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಚೂಪು ಪೆನ್ಸಿಲ್ ಕೈಯಲ್ಲಿದ್ದರೆ ಮನಸ್ಸು ಸೀದಾ ರೆಪ್ಪೆಕೂದಲಿಗೆ ಹೋಗಿಬಿಡುತ್ತದೆ. ಈಸೆಲ್, ಅಂದರೆ ಹಾಳೆ ನಿಲ್ಲಿಸುವ ಸ್ಟ್ಯಾಂಡ್, ಅದನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳಿ. ತಲೆ ತಿರುಗಿಸದೆ, ಬರೀ ಕಣ್ಣು ಹೊರಳಿಸಿದರೆ ಮಾಡೆಲ್ಲೂ ಹಾಳೆಯೂ ಕಾಣಬೇಕು. ತಲೆ ಪೂರ್ತಿ ತಿರುಗಿಸುವಷ್ಟರಲ್ಲಿ ನೋಡಿದ್ದು ಮರೆತು, ನೆನಪಿನಲ್ಲಿರುವ ಗೊಂಬೆಯನ್ನು ಬರೆಯಲು ಶುರುಮಾಡುತ್ತೇವೆ.

ಆ ಗೊಂಬೆ ತುಂಬಾ ಹಟಮಾರಿ. ಅದಕ್ಕೆ ತಲೆ ದೊಡ್ಡದು, ಕೈ ಪುಟ್ಟದು. ಗಲ್ಲದಿಂದ ಕೂದಲು ಶುರುವಾಗುವ ಜಾಗದವರೆಗೆ ನಿಮ್ಮ ಅಂಗೈ ಚಾಚಿ ಇಟ್ಟು ನೋಡಿ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಕೈ ಮುಖದಷ್ಟೇ ಉದ್ದ. ಆದರೂ ಬರೆಯುವಾಗ ಚಿಕ್ಕದಾಗಿಯೇ ಬರುತ್ತದೆ. ಮಾಡೆಲ್ ಕುರ್ಚಿಯಲ್ಲಿ ಕೂತು ತೊಡೆ ನಮ್ಮ ಕಡೆಗೇ ಚಾಚಿಕೊಂಡಿದ್ದರಂತೂ ಇನ್ನೂ ಕಷ್ಟ. ತೊಡೆ ಉದ್ದ ಎಂದು ತಲೆಗೆ ಗೊತ್ತಿದೆ, ಕಣ್ಣಿಗೆ ಕಾಣುವುದು ಗಿಡ್ಡ. ಅಂಥಲ್ಲಿ ತೊಡೆಯನ್ನು ಬಿಟ್ಟು, ಅದರ ಸುತ್ತ ಖಾಲಿ ಉಳಿದ ಜಾಗದ ಆಕಾರ ಬರೆಯಿರಿ. ಖಾಲಿ ಜಾಗಕ್ಕೆ ತಲೆಯಲ್ಲಿ ಹೆಸರಿಲ್ಲ, ಹಾಗಾಗಿ ಅದನ್ನು ಕಂಡಂತೆಯೇ ಬರೆಯುತ್ತೇವೆ.

ಉದ್ದದ ಪೋಸ್‌ಗೆ ಬೇರೆಯೇ ಲೆಕ್ಕ. ಮೊದಲ ಕೆಲವು ನಿಮಿಷದಲ್ಲೇ ಭುಜ ಇಳಿಯುತ್ತದೆ, ಕತ್ತು ಬಾಗುತ್ತದೆ, ಮೈ ತನ್ನ ಭಾರಕ್ಕೆ ತಾನೇ ಹೊಂದಿಕೊಂಡು ನೆಲೆ ನಿಲ್ಲುತ್ತದೆ. ಮೊದಲಿನ ಭಂಗಿಯನ್ನೇ ಹಿಡಿಯುತ್ತೇನೆಂದು ಹಟ ಹಿಡಿಯಬೇಡಿ. ತಿಳಿಯಾಗಿ ಗುರುತು ಹಾಕಿಕೊಂಡಿರಿ, ನೆಲೆನಿಂತ ಮೇಲೆ ಗಟ್ಟಿ ಮಾಡಿ. ವಿರಾಮಕ್ಕೆ ಮೊದಲು ಪಾದದ ಸುತ್ತ, ಕೈ ಊರಿದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸುತ್ತೇವೆ. ಆದರೂ ಹಿಂತಿರುಗಿ ಬಂದಾಗ ಭಂಗಿ ಪೂರ್ತಿ ಅದೇ ಆಗಿರುವುದಿಲ್ಲ.

ಅಲುಗಾಡದೆ ನಿಲ್ಲುವುದು ದುಡಿಮೆ ಎನ್ನುವುದನ್ನು ಬರೆಯುವವರು ಮರೆಯಬಾರದು. ತಲೆಯ ಮೇಲೆ ಎತ್ತಿದ ಕೈಯನ್ನು ನೀವೇ ಎರಡು ನಿಮಿಷ ಹಾಗೇ ಹಿಡಿದು ನೋಡಿ, ಗೊತ್ತಾಗುತ್ತದೆ. ಕೋಣೆ ಬೆಚ್ಚಗಿರಬೇಕು, ಬಾಗಿಲು ಮುಚ್ಚಿರಬೇಕು, ಬಟ್ಟೆ ಬದಲಿಸಲು ಮರೆಯಾದ ಜಾಗ ಇರಬೇಕು. ಫೋಟೊ ತೆಗೆಯುವಂತಿಲ್ಲ. ಪೋಸ್ ಸರಿಪಡಿಸಲು ಮುಟ್ಟುವಂತಿಲ್ಲ. "ಬಲಭುಜ ಸ್ವಲ್ಪ ಮುಂದಿತ್ತು" ಎಂದು ಬಾಯಲ್ಲಿ ಹೇಳಿದರೆ ಸಾಕು. ದಪ್ಪ, ಸಣ್ಣ, ವಯಸ್ಸು ಇವುಗಳ ಬಗ್ಗೆ ಒಂದು ಮಾತೂ ಬೇಡ. ಒಳ್ಳೆಯ ಮಾಡೆಲ್ ಭಾರವನ್ನು ಎಲ್ಲಿ ಹಾಕಬೇಕೆಂದು ಯೋಚಿಸಿಯೇ ನಿಲ್ಲುತ್ತಾರೆ. ಅಂಥವರು ಬಂದ ದಿನ ಕೋಣೆಯಲ್ಲಿರುವ ಎಲ್ಲರ ಚಿತ್ರಕ್ಕೂ ಕಸುವು ಬರುತ್ತದೆ.

ಮಾಡೆಲ್ ನೋಡಿ ಬರೆಯುವ ಕೋಣೆಯ ಬಾಗಿಲು ಹಿಂದೆ ಎಲ್ಲರಿಗೂ ತೆರೆದಿರಲಿಲ್ಲ. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾವಿದರ ಸಂಸ್ಥೆ ಕಟ್ಟಿದವರಲ್ಲಿ ಆಂಜೆಲಿಕಾ ಕೌಫ್‌ಮನ್, ಮೇರಿ ಮೋಸರ್ ಎಂಬ ಇಬ್ಬರು ಹೆಂಗಸರಿದ್ದರು. ಕೆಲವೇ ವರ್ಷದ ನಂತರ ಯೋಹಾನ್ ಜೋಫಾನಿ ಅಕಾಡೆಮಿಯ ಸದಸ್ಯರು ಬೆತ್ತಲೆ ಮಾಡೆಲ್ ಸುತ್ತ ಸೇರಿರುವ ಚಿತ್ರ ಬರೆದ. ಅದರಲ್ಲಿ ಗಂಡಸರು ಕೋಣೆಯಲ್ಲಿದ್ದಾರೆ, ಇವರಿಬ್ಬರು ಮಾತ್ರ ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿದ್ದಾರೆ. ಆ ಅಕಾಡೆಮಿಯ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಮಾಡೆಲ್ ನೋಡಿ ಬರೆಯುವ ಅವಕಾಶ ಸಿಕ್ಕಿದ್ದು 1893ರಲ್ಲಿ, ಅದೂ ಮಾಡೆಲ್ ಸೊಂಟಕ್ಕೆ ಬಟ್ಟೆ ಸುತ್ತಿರಬೇಕೆಂಬ ಷರತ್ತಿನ ಮೇಲೆ. ಪುರಾಣ, ಇತಿಹಾಸದ ದೊಡ್ಡ ಚಿತ್ರ ಬರೆಯಬೇಕಾದರೆ ಮೈಯ ಅಧ್ಯಯನ ಬೇಕೇ ಬೇಕು ಎಂದು ನಂಬಿದ್ದ ಕಾಲ ಅದು. ಬಾಗಿಲು ಮುಚ್ಚಿದರೆ ಕಸುಬನ್ನೇ ಅರ್ಧ ಕಿತ್ತುಕೊಂಡ ಹಾಗೆ.

ಇನ್ನೊಂದು ಮಾತು, ಕೂರುವ ಜಾಗದ ಬಗ್ಗೆ. ಎಲ್ಲರಿಗೂ ಮುಂದಿನ ಕುರ್ಚಿಯೇ ಬೇಕು, ಮುಖ ಕಾಣಬೇಕು. ನೀವು ಮುಂದಿನ ವಾರ ಬೆನ್ನ ಹಿಂದೆ ಕೂತು ನೋಡಿ. ಹೋಲಿಕೆ ತರಬೇಕೆಂಬ ಕಾಟ ಅಲ್ಲಿಲ್ಲ. ಬೆನ್ನುಮೂಳೆಯ ಗೀರು ಕತ್ತಿನಿಂದ ಸೊಂಟದವರೆಗೆ ಎಲ್ಲಿ ತಿರುಗುತ್ತದೆ, ಹೆಗಲ ಮೂಳೆ ಕೈ ಎತ್ತಿದಾಗ ಎಷ್ಟು ಜರುಗುತ್ತದೆ, ಭಾರ ಹೊತ್ತ ಕಡೆಯ ಪೃಷ್ಠ ಹೇಗೆ ಬಿಗಿಯಾಗಿದೆ, ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹಿಂದಿನ ಸಾಲಿನಲ್ಲಿ ಜಾಗವೂ ಖಾಲಿ ಇರುತ್ತದೆ.