ಆ ಪುಸ್ತಕವನ್ನು ಮೊದಲು ನೀವು ಓದಿ

"ಪುಸ್ತಕ ತಂದುಕೊಟ್ಟು ತಿಂಗಳಾಯ್ತು ಡಾಕ್ಟ್ರೇ. ಹತ್ತು ಪುಟ ದಾಟಿಲ್ಲ. ಇವನಿಗೇ ಹುಷಾರಾಗಬೇಕು ಅಂತ ಮನಸ್ಸಿಲ್ವೇನೋ."

ಮನೋವೈದ್ಯಕೀಯದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಹೇಳುವವರು ಅಪ್ಪ, ಅಕ್ಕ, ಗಂಡ, ಹೆಂಡತಿ ಯಾರಾದರೂ ಆಗಿರಬಹುದು. ಪ್ರೀತಿಯಿಂದಲೇ ಹೇಳುತ್ತಾರೆ. ಯಾರ ಬಗ್ಗೆ ಹೇಳುತ್ತಿದ್ದಾರೋ ಅವರು ಪಕ್ಕದ ಕುರ್ಚಿಯಲ್ಲೇ ತಲೆ ತಗ್ಗಿಸಿ ಕೂತಿರುತ್ತಾರೆ. ಚೀಲದಿಂದ ಪುಸ್ತಕ ಹೊರಬರುತ್ತದೆ. ಖಿನ್ನತೆಯಿಂದ ಹೊರಬರುವುದು ಹೇಗೆ, ದುಃಖವನ್ನು ಗೆಲ್ಲುವುದು ಹೇಗೆ, ಅಂಥದ್ದೇನೋ ಒಂದು. ಹೊಸ ಪುಸ್ತಕದ ವಾಸನೆ ಇನ್ನೂ ಹೋಗಿರುವುದಿಲ್ಲ.

ಮೇಲಿನ ಮಾತು ಹೇಳಿದ್ದು ಒಬ್ಬ ಅಕ್ಕ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ತಮ್ಮ ಒಂದು ಕಾಲಕ್ಕೆ ದಪ್ಪ ಕಾದಂಬರಿಯನ್ನು ಎರಡು ರಾತ್ರಿಯಲ್ಲಿ ಮುಗಿಸುತ್ತಿದ್ದವನು. ಅಕ್ಕನ ಸಿಟ್ಟಿಗೆ ಅದೂ ಒಂದು ಕಾರಣ. ಓದೋಕೆ ಬರದವನಾ ಇವನು? ನಾನು ಪುಸ್ತಕ ತೆಗೆದು, ಹನ್ನೊಂದನೇ ಪುಟದ ಮೊದಲ ಪ್ಯಾರಾ ಓದಿ ನೋಡಿ, ಅವಸರವಿಲ್ಲ ಅಂದೆ. ಆತ ಸಾಲಿನ ಕೆಳಗೆ ಬೆರಳಿಟ್ಟ. ಬೆರಳು ನಿಧಾನವಾಗಿ ಸರಿಯಿತು. ಪ್ಯಾರಾದ ಕೊನೆಗೆ ಬಂದು ಮತ್ತೆ ಮೇಲಕ್ಕೆ ಹೋಯಿತು. ಮತ್ತೆ ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಮೂರನೇ ಸಲ ಅರ್ಧಕ್ಕೇ ನಿಂತಿತು. "ಅಕ್ಷರ ಕಾಣ್ಸುತ್ತೆ ಡಾಕ್ಟ್ರೇ. ತಲೆಗೆ ಹತ್ತಲ್ಲ" ಅಂದ. ಅಕ್ಕ ಏನೂ ಹೇಳಲಿಲ್ಲ. ಅವನ ಬೆರಳನ್ನೇ ನೋಡುತ್ತಿದ್ದಳು.

ನಾನು ಇವತ್ತು ಹೇಳಬೇಕಾಗಿರುವುದು ಇದೊಂದೇ. ಎರಡು ಮೂರು ಸಲ ಹೇಳಿದರೂ ಬೇಜಾರು ಮಾಡಿಕೊಳ್ಳಬೇಡಿ. ಓದಲು ಆಗದಿರುವುದು ಖಿನ್ನತೆಯ ಲಕ್ಷಣ. ಸೋಮಾರಿತನ ಅಲ್ಲ, ಹಟ ಅಲ್ಲ, ನಿಮ್ಮ ಪ್ರೀತಿಗೆ ಬೆಲೆ ಕೊಡದಿರುವುದೂ ಅಲ್ಲ. ನಾವು ರೋಗ ಗುರುತಿಸಲು ಬಳಸುವ ಕೈಪಿಡಿಯಲ್ಲಿ ಖಿನ್ನತೆಗೆ ಒಂಬತ್ತು ಲಕ್ಷಣಗಳಿವೆ. ಅವುಗಳಲ್ಲಿ ಕನಿಷ್ಠ ಐದು, ಕನಿಷ್ಠ ಎರಡು ವಾರ ಇರಬೇಕು. ಮಂಕು ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ, ಹಸಿವು, ಸುಸ್ತು, ಇವೆಲ್ಲ ಜನರಿಗೆ ಗೊತ್ತು. ಆದರೆ ಗಮನ ನಿಲ್ಲದಿರುವುದು, ಯೋಚನೆ ಮುಂದೆ ಸಾಗದಿರುವುದು, ಸಣ್ಣ ನಿರ್ಧಾರವನ್ನೂ ತೆಗೆದುಕೊಳ್ಳಲು ಆಗದಿರುವುದೂ ಅದೇ ಪಟ್ಟಿಯಲ್ಲಿದೆ. ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಜ್ವರ ಬಂದಾಗ ನಾಲಿಗೆ ಕೆಡುತ್ತದೆ. ಊಟ ಸೇರದಿದ್ದರೆ, ಮಾಡಿದವರ ಮೇಲೆ ಕೋಪ ಅಂತ ಯಾರೂ ತಿಳಿಯುವುದಿಲ್ಲ. ಇದೂ ಹಾಗೇ. ಒಂದು ವಾಕ್ಯ ಅರ್ಥವಾಗಬೇಕಾದರೆ ಅದರ ಮೊದಲ ತುದಿಯನ್ನು ಕೊನೆಯವರೆಗೆ ಮನಸ್ಸಿನಲ್ಲಿ ಹಿಡಿದುಕೊಂಡಿರಬೇಕು. ಖಿನ್ನತೆಯಲ್ಲಿ ಆ ಹಿಡಿತವೇ ಸಡಿಲವಾಗುತ್ತದೆ. ಅಷ್ಟರಲ್ಲಿ ಮನಸ್ಸು 'ನಿನ್ನಿಂದ ಇಷ್ಟೂ ಆಗಲ್ವಾ' ಅಂತ ತನ್ನ ಹಳೇ ರಾಗ ಎಳೆಯುತ್ತದೆ. ಪುಟ ಅಲ್ಲೇ ನಿಲ್ಲುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ. ಓದದೆ ಬಿಟ್ಟ ಪುಸ್ತಕ ಸುಮ್ನೆ ಕೂರುವುದಿಲ್ಲ. ಹಾಸಿಗೆ ಪಕ್ಕದಲ್ಲಿ ದಿನವೂ ಕಣ್ಣಿಗೆ ಬೀಳುತ್ತದೆ. ತಾನು ಕೆಲಸಕ್ಕೆ ಬಾರದವನು, ಎಲ್ಲರಿಗೂ ಹೊರೆ ಅಂತ ಮೊದಲೇ ನಂಬಿದವರಿಗೆ ಇನ್ನೊಂದು ಸಾಕ್ಷಿ ಸಿಕ್ಕ ಹಾಗೆ ಆಗುತ್ತದೆ. 'ಇಷ್ಟು ಪ್ರೀತಿಯಿಂದ ಕೊಟ್ಟರು, ಅದನ್ನೂ ಓದಲಿಲ್ಲ.' ಈ ಅಪರಾಧಿ ಭಾವನೆಯೂ ಆ ಒಂಬತ್ತರಲ್ಲಿ ಒಂದು.

ಹಾಗಾದರೆ ಪುಸ್ತಕದಿಂದ ಉಪಯೋಗ ಇಲ್ವಾ? ಖಂಡಿತ ಇದೆ. ಸೌಮ್ಯ ಅಥವಾ ಮಧ್ಯಮ ಮಟ್ಟದ ಖಿನ್ನತೆಯಲ್ಲಿ, ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಬೆಳೆಸಿದ ಅರಿವಿನ ಚಿಕಿತ್ಸೆಯ (ನಮ್ಮ ಯೋಚನೆಗಳನ್ನೇ ಪರೀಕ್ಷಿಸಿ ತಿದ್ದಿಕೊಳ್ಳುವ ವಿಧಾನ) ಮೇಲೆ ನಿಂತ ಸ್ವಸಹಾಯ ಪುಸ್ತಕಗಳು ಕೆಲಸ ಮಾಡುತ್ತವೆ ಅನ್ನುವುದಕ್ಕೆ ಒಳ್ಳೆಯ ಆಧಾರವಿದೆ. ಇಂಗ್ಲೆಂಡಿನಲ್ಲಿ 2013ರಿಂದ, ತಜ್ಞರು ಆರಿಸಿದ ಪುಸ್ತಕಗಳನ್ನು ವೈದ್ಯರೇ ಸೂಚಿಸುತ್ತಾರೆ. ಸಾರ್ವಜನಿಕ ಗ್ರಂಥಾಲಯದಿಂದ ಅವನ್ನು ಎರವಲು ತರಬಹುದು. ಆದರೆ ಈ ಪುಸ್ತಕಗಳು ಕಾದಂಬರಿಯ ಹಾಗೆ ಓದಿ ಮುಗಿಸುವಂಥವಲ್ಲ. ಪೆನ್ನು ಹಿಡಿದು ಮಾಡುವಂಥವು. ಇವತ್ತು ಯಾವಾಗ ಮನಸ್ಸು ಕುಸಿಯಿತು, ಆಗ ತಲೆಯಲ್ಲಿ ಏನು ಓಡಿತು, ಅದಕ್ಕೆ ಏನು ಆಧಾರ, ಅಂತ ಬರೆದುಕೊಳ್ಳಬೇಕು. ವಾರಕ್ಕೊಮ್ಮೆ ಯಾರಾದರೂ ಜೊತೆಗೆ ಕೂತು ನೋಡುತ್ತಿದ್ದರೆ ಫಲ ಜಾಸ್ತಿ. ತೀವ್ರ ಖಿನ್ನತೆಗೆ, ಬದುಕೇ ಬೇಡ ಅನ್ನುವ ಯೋಚನೆ ಇರುವವರಿಗೆ, ಪುಸ್ತಕವೊಂದೇ ಚಿಕಿತ್ಸೆ ಅಲ್ಲ. ಅವರನ್ನು ವೈದ್ಯರು ನೋಡಲೇಬೇಕು.

ಅದಕ್ಕೇ ನಾನು ಮನೆಯವರಿಗೆ ಹೇಳುವುದು: ಆ ಪುಸ್ತಕವನ್ನು ಮೊದಲು ನೀವು ಓದಿ. ನಿಮ್ಮ ಗಮನ ನೆಟ್ಟಗಿದೆ. ಓದಿದರೆ 'ಏಳು, ವಾಕ್ ಹೋಗು, ಪಾಸಿಟಿವ್ ಆಗಿ ಯೋಚಿಸು' ಅನ್ನುವ ನಿಮ್ಮ ಮಾತು ಕಡಿಮೆಯಾಗುತ್ತದೆ. ಕೇ ರೆಡ್‌ಫೀಲ್ಡ್ ಜೇಮಿಸನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ತಮಗೇ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೂ ಒಮ್ಮೆ ಖಿನ್ನತೆಗೂ ತೂಗಾಡುವ ಕಾಯಿಲೆ, ಇರುವುದನ್ನು 1995ರಲ್ಲಿ ಬಿಚ್ಚಿ ಬರೆದರು. 1999ರಲ್ಲಿ ಆತ್ಮಹತ್ಯೆಯ ಬಗ್ಗೆಯೇ ಒಂದು ಪುಸ್ತಕ ತಂದರು. ಇಂಥ ಬರಹ ಓದಿ ಬಂದ ಮನೆಯವರು ಕೇಳುವ ಪ್ರಶ್ನೆಯೇ ಬೇರೆ ಇರುತ್ತದೆ. 'ಇವಳು ಯಾಕೆ ಹೀಗೆ' ಅಂತ ಕೇಳುತ್ತಿದ್ದವರು 'ಬೆಳಗಿನ ಹೊತ್ತು ಇವಳಿಗೆ ಜಾಸ್ತಿ ಕಷ್ಟ ಅನ್ಸುತ್ತೆ, ಆಗ ನಾನೇನು ಮಾಡಲಿ' ಅಂತ ಕೇಳುತ್ತಾರೆ.

ಸಾವಿನ ಮನೆಗೆ ಹೋಗುವ ಪುಸ್ತಕಗಳದ್ದು ಇನ್ನೊಂದು ಕಥೆ.

ಗಂಡನನ್ನು ಕಳೆದುಕೊಂಡ ಒಬ್ಬರು ನಾಲ್ಕು ತಿಂಗಳಾದ ಮೇಲೆ ನನ್ನ ಬಳಿ ಬಂದರು. ಕಣ್ಣಲ್ಲಿ ನೀರಿರಲಿಲ್ಲ, ಗಾಬರಿ ಇತ್ತು. "ನನಗೆ ಇನ್ನೂ ಸಿಟ್ಟೇ ಬಂದಿಲ್ಲ. ನನ್ನಲ್ಲಿ ಏನೋ ಸರಿ ಇಲ್ಲ ಅಲ್ವಾ?" ಯಾರೋ ಕೊಟ್ಟ ಪುಸ್ತಕದಲ್ಲಿ ದುಃಖಕ್ಕೆ ಐದು ಮೆಟ್ಟಿಲು ಅಂತ ಇತ್ತು. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಅವರು ಎರಡನೇ ಮೆಟ್ಟಿಲಿಗೆ ಕಾಯುತ್ತಾ ಕೂತಿದ್ದರು. ಎಷ್ಟು ಒಳ್ಳೆಯ ಹೆಂಗಸು, ಎಂಥ ಕಷ್ಟದ ಹೊತ್ತು! ಅದರ ಮೇಲೆ ಪರೀಕ್ಷೆಯಲ್ಲಿ ಫೇಲ್ ಆದ ಭಯ ಬೇರೆ.

ಆ ಐದು ಹಂತಗಳನ್ನು ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಬರೆದರು. ಅವರು ಮಾತಾಡಿಸಿದ್ದು ಸಾಯುತ್ತಿದ್ದ ರೋಗಿಗಳನ್ನು. ಅವರನ್ನು ಕಳೆದುಕೊಂಡು ಉಳಿದವರನ್ನಲ್ಲ. ಸಾಯುವವರ ಜೊತೆ ಕೂತು ಮಾತಾಡಬೇಕು ಅಂತ ವೈದ್ಯರಿಗೆ ಕಲಿಸಿದ ದೊಡ್ಡ ಕೆಲಸ ಅದು. ಆ ಗೌರವ ನನಗೆ ಇದ್ದೇ ಇದೆ. ಆದರೆ ಹಂತಗಳು ನಂತರ ಎಲ್ಲ ದುಃಖಕ್ಕೂ ಅಂಟಿಕೊಂಡವು. ಎಲ್ಲರೂ ಅದೇ ಕ್ರಮದಲ್ಲಿ ಹತ್ತಬೇಕು ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ನನ್ನ ಅನುಭವಕ್ಕೆ ಹತ್ತಿರವಾದದ್ದು 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಷುಟ್ ಅನ್ನುವ ಮನಶ್ಶಾಸ್ತ್ರಜ್ಞರು ಹೇಳಿದ ಮಾತು. ದುಃಖದಲ್ಲಿರುವವರು ಎರಡು ಕಡೆ ಓಡಾಡುತ್ತಿರುತ್ತಾರೆ. ಒಮ್ಮೆ ಹೋದವರ ನೆನಪಿನ ಕಡೆ, ಇನ್ನೊಮ್ಮೆ ಬಿಲ್ ಕಟ್ಟುವುದು, ಮಕ್ಕಳ ಫೀಸು, ಬ್ಯಾಂಕ್ ಕಾಗದ, ಹೀಗೆ ಬದುಕಿನ ಕಡೆ. ಬೆಳಿಗ್ಗೆ ಅತ್ತು ಮಧ್ಯಾಹ್ನ ಟಿವಿ ನೋಡಿ ನಕ್ಕರೆ ತಪ್ಪಲ್ಲ. ಅದು ಗುಣವಾಗುವ ರೀತಿ. ಆಕೆಗೆ ಇಷ್ಟು ಹೇಳಿದಾಗ ಮೊದಲ ಸಲ ಕಣ್ಣು ಒದ್ದೆಯಾಯಿತು.

ಎಲ್ಲ ದುಃಖವೂ ತಾನೇ ಹಗುರಾಗುತ್ತದೆ ಅಂತಲೂ ಹೇಳಲಾರೆ. ತಿಂಗಳುಗಟ್ಟಲೆ ಕಳೆದರೂ ಹಂಬಲ ಒಂದಿಷ್ಟೂ ಕಡಿಮೆಯಾಗದೆ, ದಿನದ ಬದುಕೇ ನಿಂತುಹೋದರೆ ಅದಕ್ಕೆ ಈಗ 'ದೀರ್ಘಕಾಲದ ಶೋಕ' ಅಂತ ಬೇರೆ ಹೆಸರಿದೆ, ಚಿಕಿತ್ಸೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಕನಿಷ್ಠ 6 ತಿಂಗಳು ಅನ್ನುತ್ತದೆ. ಅಮೆರಿಕದ ಕೈಪಿಡಿಯ 2022ರ ಆವೃತ್ತಿ ದೊಡ್ಡವರಿಗೆ 12 ತಿಂಗಳು ಅನ್ನುತ್ತದೆ. ಅದಕ್ಕೆ ಮೊದಲು ಸಹಾಯ ಕೇಳಬಾರದು ಅಂತ ಇದರ ಅರ್ಥ ಅಲ್ಲ.

ಇನ್ನು ಆತ್ಮಹತ್ಯೆ. ನಮ್ಮ ಮಾತಿನಲ್ಲಿ ಆ ಪದದೊಳಗೇ 'ಹತ್ಯೆ' ಕೂತಿದೆ. ಮಗನನ್ನು ಕಳೆದುಕೊಂಡ ತಂದೆತಾಯಿಯ ಎದುರು ಆ ಪದ ಹೇಳುವಾಗ ಅವರ ಮುಖ ನೋಡಿದ್ದೇನೆ. 'ಜೀವ ಕಳೆದುಕೊಂಡ' ಅಂತ ನಾನು ಹೇಳುತ್ತೇನೆ. ಇಂಥ ಮನೆಯವರಿಗೆ ಪುಸ್ತಕ ಕೊಡುವ ಮುಂಚೆ ದಯವಿಟ್ಟು ಪೂರ್ತಿ ಓದಿ. ಸಾವಿನ ವಿಧಾನವನ್ನು ಬಿಡಿಸಿ ಹೇಳುವ, ಸಾವನ್ನು ಸುಂದರ ಮಾಡುವ, ಒಂದೇ ಕಾರಣ ತೋರಿಸಿ ಮುಗಿಸುವ ಪುಸ್ತಕ ಬೇಡ. 1774ರಲ್ಲಿ ಜರ್ಮನ್ ಲೇಖಕ ಗಯಟೆ ಬರೆದ ಕಾದಂಬರಿಯಲ್ಲಿ ತಾನೇ ಜೀವ ಕಳೆದುಕೊಳ್ಳುವ ನಾಯಕ ವೆರ್ತರ್‌ನನ್ನು ಓದುಗರು ಅನುಕರಿಸುತ್ತಾರೆ ಅನ್ನುವ ಭಯ ಆಗಲೇ ಇತ್ತು. ಕೆಲವು ಕಡೆ ಪುಸ್ತಕ ನಿಷೇಧವೂ ಆಯಿತು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದ ಆತ್ಮಹತ್ಯೆ ಸುದ್ದಿಯ ನಂತರ ಅಂಥ ಸಾವುಗಳು ಹೆಚ್ಚುವುದನ್ನು 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ತೋರಿಸಿದರು. ಅದಕ್ಕೆ ವೆರ್ತರ್ ಹೆಸರನ್ನೇ ಇಟ್ಟರು. ಇದರ ಇನ್ನೊಂದು ಮುಖ 2010ರಲ್ಲಿ ಆಸ್ಟ್ರಿಯಾದ ಸಂಶೋಧಕರಿಂದ ಬಂತು. ಅಂಥ ಯೋಚನೆ ಬಂದರೂ ಆ ಹೊತ್ತನ್ನು ದಾಟಿ ಬದುಕಿದವರ ಬರಹಗಳಿಗೆ ಕಾಪಾಡುವ ಗುಣ ಇರಬಹುದು ಅಂತ. ಮೊಜಾರ್ಟ್‌ನ ಸಂಗೀತ ನಾಟಕವೊಂದರಲ್ಲಿ ಮೂವರು ಹುಡುಗರು ಬಂದು ತಡೆದು ಉಳಿಸುವ ಪಪಗೇನೋನ ಹೆಸರನ್ನು ಅದಕ್ಕೆ ಕೊಟ್ಟರು. ನಾನು ಪುಸ್ತಕ ಆರಿಸುವಾಗ ನೋಡುವುದು ಇದನ್ನೇ. ಇದರಲ್ಲಿ ಯಾರಾದರೂ ದಾಟಿ ಬಂದಿದ್ದಾರಾ? ಹೇಗೆ, ಯಾರ ಕೈ ಹಿಡಿದು?

ಹಾಗಂತ ಮನೆಯಲ್ಲಿ ಯಾರದ್ದಾದರೂ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಕಿತ್ತುಕೊಳ್ಳಬೇಡಿ. ಒಬ್ಬ ತಾಯಿ ಹಾಗೆ ಮಾಡಿದ್ದರು. ಮಗಳ ದಿಂಬಿನ ಕೆಳಗೆ ಸಿಕ್ಕಿದ್ದನ್ನು ಹೊರಗೆಸೆದು, ಅವಳ ಕೈ ಹಿಡಿದು ನೇರ ನನ್ನ ಹತ್ತಿರ ಕರೆತಂದರು. ನಾನು ಹುಡುಗಿಯನ್ನು ಒಬ್ಬಳೇ ಕೂರಿಸಿ, "ಸಾಯಬೇಕು ಅಂತ ಅನ್ನಿಸಿದೆಯಾ?" ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. "ಅನ್ಸಿದೆ. ಫ್ರೆಂಡ್ ಹೋದ್ಮೇಲೆ" ಅಂದಳು. "ಯಾಕೆ ಹೋದ್ಲು ಅಂತ ಹುಡುಕ್ತಿದ್ದೆ. ಆ ಪುಸ್ತಕ ಓದೋವಾಗ ಮಾತ್ರ ನಾನೊಬ್ಳೇ ಅಲ್ಲ ಅನ್ನಿಸ್ತಿತ್ತು. ಅಮ್ಮ ಕೇಳಿದ್ರೆ ಹೇಳ್ತಿದ್ದೆ." ಈ ಕೊನೆಯ ಮಾತನ್ನು ಅವಳ ಒಪ್ಪಿಗೆ ಪಡೆದೇ ತಾಯಿಗೆ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳ ಪಕ್ಕ ಬಂದು ಕೂತು, "ಈಗ ಕೇಳ್ತೀನಿ, ಹೇಳು" ಅಂದರು.

ಕೇಳಿ. ಉತ್ತರ 'ಹೌದು' ಅಂತ ಬಂದರೆ ಬುದ್ಧಿವಾದ ಬೇಡ, ಗದರುವುದು ಬೇಡ. ಒಬ್ಬರನ್ನೇ ಬಿಡಬೇಡಿ. ಅಪಾಯ ಆಗಬಹುದಾದ ವಸ್ತುಗಳನ್ನು ಕೈಗೆ ಸಿಗದ ಹಾಗೆ ಇಡಿ. ಅವತ್ತೇ ವೈದ್ಯರ ಹತ್ತಿರ ಹೋಗಿ ಅಥವಾ ಸಹಾಯವಾಣಿಗೆ ಕರೆ ಮಾಡಿ. ಸಾಯುವ ವಿಧಾನ, ಸಮಯದ ಮಾತು ಬಂದರೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ. ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಇದ್ದರೆ, ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ, ಹತ್ತಿರದವರೊಬ್ಬರಿಗೆ ಈಗಲೇ ಹೇಳಿ.

ಮೊದಲು ಹೇಳಿದ ಆ ಅಕ್ಕ ಪುಸ್ತಕವನ್ನು ವಾಪಸ್ ತೆಗೆದುಕೊಂಡು ಹೋಗಿ ತಾನೇ ಓದಿದಳು. ತಮ್ಮನಿಗೆ ಮಾತ್ರೆ, ಕೌನ್ಸೆಲಿಂಗ್ ಎರಡೂ ಶುರುವಾಯಿತು. ಮಾತ್ರೆ ಹಿಡಿಯಲು ಸಾಮಾನ್ಯವಾಗಿ ಕೆಲವು ವಾರ ಬೇಕು, ಅವನಿಗೂ ಬೇಕಾಯಿತು. ಆ ದಿನಗಳಲ್ಲಿ ರಾತ್ರಿ ಅರ್ಧ ಪುಟ ಅಕ್ಕನೇ ಓದಿ ಹೇಳುತ್ತಿದ್ದಳು. ಅವನು ಕೇಳಿದರೂ ಸರಿ, ಗೋಡೆ ಕಡೆ ತಿರುಗಿ ಮಲಗಿದರೂ ಸರಿ. ಪ್ರತಿ ಸಲ ಬಂದಾಗಲೂ ನಾನು ಏನು ಓದಿದ್ರಿ ಅಂತ ಅವನನ್ನು ಕೇಳುತ್ತಿದ್ದೆ. ಓದು ಮರಳುವುದನ್ನು ನಾನು ಚೇತರಿಕೆಯ ಒಂದು ಗುರುತಾಗಿ ನೋಡುತ್ತೇನೆ. ಮೊದಲು ಪೇಪರ್ ತಲೆಬರಹ, ಆಮೇಲೆ ಕ್ರಿಕೆಟ್ ಸುದ್ದಿ ಪೂರ್ತಿ. ಮೂರನೇ ತಿಂಗಳು ಅಕ್ಕ ಮತ್ತೆ ಆ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟು, ಒಂದು ಪುಟ ತೆರೆದು ತೋರಿಸಿದಳು. ಅವಳು ಗೆರೆ ಎಳೆದಿದ್ದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ ತಮ್ಮ ಬರೆದಿದ್ದ: "ಇದು ನಂಗೆ ಹಂಗಲ್ಲ. ನಂಗೆ ಸಂಜೆ ಹೊತ್ತು ಜಾಸ್ತಿ."